ಸೈಕಲ್ ಚಕ್ರದ ಬೆಂಡ್: ಕೀ ಹಿಡಿಯುವ ಮೊದಲು ಕಡ್ಡಿ ಮೀಟಿ ನೋಡಿ

ಸೈಕಲ್ಲಿನ ಹಿಂದಿನ ಚಕ್ರ ಎತ್ತಿ ಒಂದು ಸಲ ಜೋರಾಗಿ ತಿರುಗಿಸಿ ಬಿಡಿ. ಹಿಂದೆ ಕೂತು ರಿಮ್ ಮತ್ತು ಬ್ರೇಕ್ ರಬ್ಬರ್ ನಡುವಿನ ಸಂದಿಯನ್ನೇ ನೋಡಿ. ಸಂದಿ ಸುತ್ತಲೂ ಒಂದೇ ಸಮ ಇದ್ದರೆ ಚಕ್ರ ಸರಿಯಿದೆ. ಪ್ರತಿ ಸುತ್ತಿಗೊಮ್ಮೆ ಸಂದಿ ಕಿರಿದಾಗಿ, ‘ಸರ್’ ಅಂತ ಉಜ್ಜಿ, ಮತ್ತೆ ಅಗಲವಾಗುತ್ತಿದ್ದರೆ ಚಕ್ರ ಬೆಂಡ್ ಆಗಿದೆ.

ಇದನ್ನು ಮನೆಯಲ್ಲೇ ಸರಿ ಮಾಡಬಹುದು. ಬೇಕಾದ್ದು ಒಂದು ಸ್ಪೋಕ್ ಕೀ (ಕಡ್ಡಿಯ ತುದಿಯ ನಟ್ ತಿರುಗಿಸುವ ಚಾವಿ), ನಾಲ್ಕು ಹನಿ ಎಣ್ಣೆ, ಒಂದೆರಡು ಗಂಟೆ ಬಿಡುವು, ಸ್ವಲ್ಪ ತಾಳ್ಮೆ. ಕೈಚಳಕ ಅಷ್ಟೇನೂ ಬೇಕಿಲ್ಲ. ಚಕ್ರದೊಳಗೆ ಏನು ನಡೆಯುತ್ತಿದೆ ಅನ್ನೋದು ಗೊತ್ತಿರಬೇಕು. ಅದು ಗೊತ್ತಿಲ್ಲದೆ ನಾನು ಒಂದು ಒಳ್ಳೆಯ ಚಕ್ರವನ್ನು ಹಾಳು ಮಾಡಿದ್ದೇನೆ.

ಮೊದಲ ಸಲ ಕೀ ಹಿಡಿದಾಗ ನನಗೆ ಗೊತ್ತಿದ್ದದ್ದು ಇಷ್ಟೇ: ರಿಮ್ ಎಡಕ್ಕೆ ಬಂದರೆ ಬಲಗಡೆ ಕಡ್ಡಿ ಟೈಟ್ ಮಾಡು, ಬಲಕ್ಕೆ ಬಂದರೆ ಎಡಗಡೆಯದು ಟೈಟ್ ಮಾಡು. ಮಾತು ತಪ್ಪಲ್ಲ. ಅದನ್ನೇ ಹಿಡಿದು ಮಾಡುತ್ತಾ ಹೋದೆ. ಸಂಜೆ ಹೊತ್ತಿಗೆ ರಿಮ್ ನೇರವಾಯಿತು, ಉಜ್ಜುವ ಸದ್ದು ನಿಂತಿತು. ಎರಡು ವಾರದಲ್ಲಿ ಬೆಂಡ್ ಮತ್ತೆ ಬಂತು, ಬೇರೆ ಜಾಗದಲ್ಲಿ. ಮತ್ತೆ ಟೈಟ್ ಮಾಡಿದೆ. ಮೂರನೇ ಸಲಕ್ಕೆ ಕೆಲವು ಕಡ್ಡಿಗಳು ಕೀಗೂ ಜಗ್ಗದಷ್ಟು ಬಿಗಿಯಾಗಿದ್ದವು, ಅವುಗಳ ಪಕ್ಕದಲ್ಲೇ ಇನ್ನು ಕೆಲವು ಬೆರಳಲ್ಲಿ ಅಲ್ಲಾಡಿಸಿದರೆ ಅಲ್ಲಾಡುತ್ತಿದ್ದವು. ಕೊನೆಗೆ ಒಂದು ಬೆಳಿಗ್ಗೆ ದಾರಿಯಲ್ಲಿ ಒಂದು ಕಡ್ಡಿ ಹಬ್ (ಚಕ್ರದ ನಡುವಿನ ಗುಂಬ) ಹತ್ತಿರ ಪಟ್ ಅಂತ ಮುರಿಯಿತು.

ಆ ಚಕ್ರ ನೋಡೋದಕ್ಕೆ ನೇರವಾಗಿಯೇ ಇತ್ತು. ಅದರ ಕಡ್ಡಿಗಳ ಬಿಗಿ ಮಾತ್ರ ಒಂದೊಂದು ಕಡೆ ಒಂದೊಂದು ಥರ ಇತ್ತು. ಬೆಂಡ್ ಕಣ್ಣಿಗೆ ಕಾಣುತ್ತದೆ, ಬಿಗಿ ಕಾಣೋದಿಲ್ಲ. ಹಾಗಾಗಿ ಎಲ್ಲರೂ ಬೆಂಡ್ ಹಿಂದೆ ಬೀಳುತ್ತಾರೆ. ನಾನು ಈಗ ಬಿಗಿಯನ್ನು ಮೊದಲು ನೋಡುತ್ತೇನೆ, ಬೆಂಡ್ ಆಮೇಲೆ.

ಚಕ್ರ ನಿಂತಿರೋದು ಯಾವುದರ ಮೇಲೆ?

ಮರದ ಗಾಡಿಯ ಚಕ್ರ ತನ್ನ ಕಡ್ಡಿಗಳ ಮೇಲೆ ನಿಂತಿರುತ್ತದೆ. ಭಾರ ಬಿದ್ದಾಗ ಕೆಳಗಿನ ಮರದ ಕಡ್ಡಿ ಕಂಬದ ಹಾಗೆ ಆ ಭಾರ ಹೊರುತ್ತದೆ. ಸೈಕಲ್ಲಿನ ಕಡ್ಡಿ 2 ಮಿ.ಮೀ. ದಪ್ಪದ ತಂತಿ. ಅದನ್ನು ಕಂಬದ ಹಾಗೆ ನಿಲ್ಲಿಸಿ ಮೇಲಿನಿಂದ ಒತ್ತಿದರೆ ಬಾಗಿ ಹೋಗುತ್ತದೆ. ಅದೂ ಅಲ್ಲದೆ ಅದರ ತುದಿಯ ನಿಪ್ಪಲ್, ಅಂದರೆ ಕಡ್ಡಿಯನ್ನು ರಿಮ್ಮಿಗೆ ಹಿಡಿಸುವ ಸಣ್ಣ ನಟ್, ರಿಮ್ಮಿನ ತೂತಿನಲ್ಲಿ ಸುಮ್ನೆ ಕೂತಿರುತ್ತದೆ ಅಷ್ಟೆ. ಕಡ್ಡಿ ತಳ್ಳಿದರೆ ನಿಪ್ಪಲ್ ತೂತಿನಿಂದ ಟೈರಿನ ಕಡೆಗೆ ಜಾರುತ್ತದೆ. ಅಂದರೆ ಈ ಕಡ್ಡಿ ಎಳೆಯಬಲ್ಲದು, ತಳ್ಳಲಾರದು.

ಹಾಗಾದರೆ ಭಾರ ಹೊರೋದು ಹೇಗೆ? ಒಂದು ಕಂಬವನ್ನು ಸುತ್ತಲೂ ಹಗ್ಗ ಎಳೆದು ಕಟ್ಟಿ ನಿಲ್ಲಿಸಿದ್ದನ್ನು ನೆನಪಿಸಿಕೊಳ್ಳಿ. ಎಲ್ಲ ಹಗ್ಗಗಳೂ ಮೊದಲೇ ಬಿಗಿಯಾಗಿರುತ್ತವೆ. ಚಕ್ರದಲ್ಲೂ ಹೀಗೇ. ಪ್ರತಿ ಕಡ್ಡಿಯನ್ನೂ ಮೊದಲೇ ಎಳೆದು ಬಿಗಿ ಮಾಡಿರುತ್ತಾರೆ. ನೀವು ಸೈಕಲ್ ಹತ್ತಿದಾಗ ನೆಲದ ಹತ್ತಿರ ಇರುವ ಕೆಲವು ಕಡ್ಡಿಗಳ ಬಿಗಿ ಕಮ್ಮಿಯಾಗುತ್ತದೆ. ಉಳಿದವುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರೋದಿಲ್ಲ. ಆ ಕೆಳಗಿನ ಕಡ್ಡಿಗಳಲ್ಲಿ ಕಮ್ಮಿಯಾಗೋಕೆ ಸಾಕಷ್ಟು ಬಿಗಿ ಮೊದಲೇ ಇರೋದರಿಂದ ಚಕ್ರ ನಿಲ್ಲುತ್ತದೆ.

ಆ ಬಿಗಿ ಎಷ್ಟು ಗೊತ್ತಾ? ಚೆನ್ನಾಗಿ ಕಟ್ಟಿದ ಚಕ್ರದಲ್ಲಿ ಒಂದೊಂದು ಕಡ್ಡಿಯೂ ಸುಮಾರು 100 ಕೆ.ಜಿ. ತೂಕ ನೇತು ಹಾಕಿದಷ್ಟು ಎಳೆದಿರುತ್ತದೆ. 36 ಕಡ್ಡಿ ಅಂದರೆ ಒಟ್ಟು 3,600 ಕೆ.ಜಿ. ಇದೆಲ್ಲ ರಿಮ್ಮನ್ನು ಒಳಕ್ಕೆ ಎಳೆಯುತ್ತದೆ. ರಿಮ್ಮನ್ನು ಅದರ ಉದ್ದಕ್ಕೂ ಅಮುಕುವ ಒತ್ತಡ ಲೆಕ್ಕ ಹಾಕಿದರೆ 570 ಕೆ.ಜಿ. ಹತ್ತಿರ ಬರುತ್ತದೆ. ನಿಂತಲ್ಲೇ ನಿಂತ ಸೈಕಲ್ಲಿನಲ್ಲೂ ಅಷ್ಟು ಒತ್ತಡ ಇದೆ ಅಂತ ನೋಡಿದರೆ ಅನ್ನಿಸೋದೇ ಇಲ್ಲ, ಅಲ್ವಾ?

ಈಗ ಒಂದು ಕಡ್ಡಿ ಸಡಿಲ ಇದ್ದರೆ ಏನಾಗುತ್ತದೆ ನೋಡಿ. ಅದು ನೆಲದ ಕಡೆ ಬಂದಾಗಲೆಲ್ಲ ಪೂರ್ತಿ ಸಡಿಲವಾಗುತ್ತದೆ, ಮೇಲೆ ಹೋದಾಗ ಮತ್ತೆ ಎಳೆಯುತ್ತದೆ. ಹಬ್ಬಿನ ತೂತಿನಲ್ಲಿ ಬಗ್ಗಿ ಕೂತಿರುವ ಅದರ ಕೊಕ್ಕೆ ಪ್ರತಿ ಸುತ್ತಿಗೂ ಒಂದಿಷ್ಟು ಅಲುಗುತ್ತದೆ. ದೊಡ್ಡವರ ಸೈಕಲ್ ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. 1,000 ಕಿ.ಮೀ. ಓಡಿಸಿದರೆ ಚಕ್ರ ಹತ್ತಿರ ಹತ್ತಿರ 4.75 ಲಕ್ಷ ಸುತ್ತು ತಿರುಗಿರುತ್ತದೆ. ಒಂದು ತಂತಿಯನ್ನು ಅಷ್ಟು ಸಲ ಆ ಕಡೆ ಈ ಕಡೆ ಬಗ್ಗಿಸಿದರೆ ಮುರಿಯದೆ ಇನ್ನೇನಾಗುತ್ತದೆ? ಕಡ್ಡಿ ಮುರಿಯೋದು ಬಿಗಿ ಜಾಸ್ತಿಯಾಗಿದ್ದಕ್ಕೆ ಅಂತ ಬಹಳ ಜನ ನಂಬಿದ್ದಾರೆ. ಬಹಳಷ್ಟು ಸಲ ಬಿಗಿ ಸಾಲದೆ ಮುರಿಯುತ್ತದೆ. ಸಡಿಲ ಕಡ್ಡಿಯ ನಿಪ್ಪಲ್ ತಾನಾಗೇ ಬಿಚ್ಚಿಕೊಳ್ಳುತ್ತಲೂ ಹೋಗುತ್ತದೆ. ಅಲ್ಲಿಗೆ ಬೆಂಡ್ ಶುರು.

ತಂತಿ ಕಡ್ಡಿಯ ಚಕ್ರಕ್ಕೆ ಪ್ಯಾರಿಸ್ಸಿನ ಯೂಜೀನ್ ಮೇಯರ್ 1869ರಲ್ಲಿ ಪೇಟೆಂಟ್ ಪಡೆದ. ಆಗಿನ ಕಡ್ಡಿಗಳು ಹಬ್ಬಿನಿಂದ ನೆಟ್ಟಗೆ ರಿಮ್ಮಿಗೆ ಹೋಗುತ್ತಿದ್ದವು. ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಕಡ್ಡಿಗಳನ್ನು ಒಂದನ್ನೊಂದು ದಾಟುವ ಹಾಗೆ ಓರೆಯಾಗಿ ಹೆಣೆದ. ಪೆಡಲ್ ತುಳಿದಾಗ ಹಬ್ ತಿರುಚುವುದನ್ನು ಈ ಓರೆ ಕಡ್ಡಿಗಳು ಎಳೆದು ಹಿಡಿಯುತ್ತವೆ. ಇವತ್ತು ನಿಮ್ಮ ಹಿಂದಿನ ಚಕ್ರದಲ್ಲಿ ಕಾಣುವ ಹೆಣಿಗೆಯೂ ಬಹುಪಾಲು ಅದೇ.

ಕೀ ಎತ್ತಿಕೊಳ್ಳುವ ಮೊದಲು

ಮೊದಲು ಇದು ನಿಜವಾಗಿ ಬೆಂಡೇ ಹೌದಾ ಅಂತ ನೋಡಿ. ರಿಮ್ಮನ್ನು ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ. ಕಟಕಟ ಅಂತ ಆಟ ಇದ್ದರೆ ಹಬ್ಬಿನೊಳಗಿನ ಬೇರಿಂಗ್ ಗುಂಡುಗಳನ್ನು ಒತ್ತಿ ಹಿಡಿಯುವ ಕೋನ್ ಸಡಿಲವಾಗಿದೆ. ಅದನ್ನು ಸರಿ ಮಾಡದೆ ಕಡ್ಡಿ ಮುಟ್ಟಿ ಪ್ರಯೋಜನವಿಲ್ಲ. ಚಕ್ರ ಫೋರ್ಕಿನಲ್ಲಿ (ಚಕ್ರ ಹಿಡಿಯುವ ಎರಡು ಕಾಲಿನ ಕವಲಿನಲ್ಲಿ) ಪೂರ್ತಿ ಒಳಗೆ ಕೂತಿದೆಯಾ ನೋಡಿ. ಟೈರ್ ಓಲಾಡುತ್ತಿದೆಯೋ, ರಿಮ್ ಓಲಾಡುತ್ತಿದೆಯೋ ಗಮನಿಸಿ. ಟೈರ್ ಸರಿಯಾಗಿ ಕೂರದಿದ್ದರೂ ಚಕ್ರ ಕುಣಿದ ಹಾಗೆ ಕಾಣುತ್ತದೆ. ಆಮೇಲೆ ಒಂದೊಂದೇ ಕಡ್ಡಿ ಮುಟ್ಟುತ್ತಾ ಬನ್ನಿ. ಒಂದು ಕಡ್ಡಿ ಮುರಿದು, ಪಕ್ಕದವುಗಳ ಹೆಣಿಗೆಯಲ್ಲಿ ಸಿಕ್ಕಿಕೊಂಡು ಇದ್ದ ಜಾಗದಲ್ಲೇ ನಿಂತಿರೋದು ಅಪರೂಪವೇನಲ್ಲ. ಮುರಿದದ್ದು ಸಿಕ್ಕರೆ ಅದೇ ಉದ್ದದ ಹೊಸ ಕಡ್ಡಿ ಹಾಕದೆ ಮುಂದುವರಿಯಬೇಡಿ.

ನಿಪ್ಪಲ್ ತೂತಿನ ಸುತ್ತ ರಿಮ್ಮಿನಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದರೂ ಆ ರಿಮ್ಮಿನ ಆಯಸ್ಸು ಮುಗಿದಿದೆ. ಬ್ರೇಕ್ ರಬ್ಬರ್ ಉಜ್ಜಿ ಉಜ್ಜಿ ರಿಮ್ಮಿನ ಪಕ್ಕ ಒಳಕ್ಕೆ ತಗ್ಗಾಗಿದ್ದರೂ ಅಷ್ಟೇ. ಅಂಥ ರಿಮ್ಮಿನ ಕಡ್ಡಿ ಬಿಗಿ ಮಾಡೋದು ಅಪಾಯ. ಕಾರ್ಬನ್ ರಿಮ್ ಆದರೆ ತಯಾರಕರು ಹೇಳಿದ ಬಿಗಿಯ ಮಿತಿ ಗೊತ್ತಿಲ್ಲದೆ ಕೈ ಹಾಕಬೇಡಿ.

ಸ್ಪೋಕ್ ಕೀ ವಿಷಯದಲ್ಲಿ ಜಿಪುಣತನ ಬೇಡ. ನಿಪ್ಪಲ್‌ನ ಚೌಕದ ಅಳತೆಗಳಲ್ಲಿ ಹೆಚ್ಚಾಗಿ ಸಿಗೋದು 3.23, 3.30 ಮತ್ತು 3.45 ಮಿ.ಮೀ. ಒಂದು ಕೂದಲು ದೊಡ್ಡ ಕೀ ಹಾಕಿದರೂ ನಿಪ್ಪಲ್‌ನ ಮೂಲೆಗಳು ಸವೆದು ಉರುಟಾಗುತ್ತವೆ. ಉರುಟಾದ ನಿಪ್ಪಲ್ಲನ್ನು ಮತ್ತೆ ತಿರುಗಿಸೋದು ತುಂಬಾ ಕಷ್ಟ. ಸುತ್ತಲೂ ಬೇರೆ ಬೇರೆ ಅಳತೆಯ ಎಂಟು ಹತ್ತು ಕಚ್ಚು ಕೊರೆದ ದುಂಡನೆಯ ಕೀ ಸಿಗುತ್ತದಲ್ಲ, ನಾನು ಅದನ್ನು ಬಳಸೋದಿಲ್ಲ. ನಿಮ್ಮ ನಿಪ್ಪಲ್ ಅಳತೆಯ ಒಂದೇ ಕೀ ಇದ್ದರೆ ಸಾಕು. ಸಣ್ಣದರಿಂದ ಶುರು ಮಾಡಿ, ಆಟವಿಲ್ಲದೆ ಕೂರುವುದನ್ನು ಆರಿಸಿ.

ಪ್ರತಿ ನಿಪ್ಪಲ್ ಮತ್ತು ಕಡ್ಡಿ ಸೇರುವ ಕಡೆ, ನಿಪ್ಪಲ್ ರಿಮ್ಮಿಗೆ ತಾಗುವ ಕಡೆ ಒಂದೊಂದು ಸಣ್ಣ ಹನಿ ಎಣ್ಣೆ ಬಿಡಿ. ಬ್ರೇಕ್ ಉಜ್ಜುವ ಜಾಗಕ್ಕೆ, ಡಿಸ್ಕಿಗೆ ಎಣ್ಣೆ ತಾಗಬಾರದು. ತುಕ್ಕು ಹಿಡಿದ ಚಕ್ರವಾದರೆ ರಾತ್ರಿಯೇ ಎಣ್ಣೆ ಬಿಟ್ಟು ಬೆಳಿಗ್ಗೆ ಕೂತುಕೊಳ್ಳಿ. ಟೈರಿನ ಗಾಳಿ ಇಳಿಸಿ. ಟೈರು ಟ್ಯೂಬು ಬಿಚ್ಚಿಟ್ಟರೆ ಇನ್ನೂ ಒಳ್ಳೆಯದು. ರಿಮ್ಮಿನ ಏರುಪೇರು ಚೆನ್ನಾಗಿ ಕಾಣುತ್ತದೆ, ಜೊತೆಗೆ ಕಡ್ಡಿಯ ತುದಿ ನಿಪ್ಪಲ್ ದಾಟಿ ಹೊರಗೆ ಬಂದಿದ್ದರೆ ಅದೂ ಕಣ್ಣಿಗೆ ಬೀಳುತ್ತದೆ. ಹಾಗೆ ಬಂದ ತುದಿ ಟ್ಯೂಬ್ ಚುಚ್ಚುತ್ತದೆ.

ಸ್ಟ್ಯಾಂಡ್ ಇಲ್ಲದಿದ್ದರೆ ಚಿಂತೆ ಬೇಡ. ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ. ಫೋರ್ಕಿನ ಎರಡೂ ಕಾಲುಗಳಿಗೆ ಒಂದೊಂದು ಜಿಪ್ ಟೈ (ಕಟ್ಟುವ ಪ್ಲಾಸ್ಟಿಕ್ ಪಟ್ಟಿ) ಬಿಗಿದು, ಅದರ ಬಾಲ ರಿಮ್ಮಿನ ಪಕ್ಕಕ್ಕೆ ತಾಗಿಯೂ ತಾಗದ ಹಾಗೆ ಕತ್ತರಿಸಿ. ಚಕ್ರ ತಿರುಗಿಸಿದಾಗ ಬೆಂಡ್ ಇರುವ ಜಾಗ ಆ ಬಾಲಕ್ಕೆ ತಾಗಿ ‘ಟಿರ್’ ಅನ್ನುತ್ತದೆ. ಬ್ರೇಕ್ ರಬ್ಬರಿನಿಂದಲೂ ಇದೇ ಕೆಲಸ ಆಗುತ್ತದೆ, ಆದರೆ ಅದು ಅಗಲ ಇರುವುದರಿಂದ ಬೆಂಡ್ ಶುರುವಾದದ್ದೆಲ್ಲಿ, ಮುಗಿದದ್ದೆಲ್ಲಿ ಅಂತ ಅಷ್ಟು ಸ್ಪಷ್ಟವಾಗಿ ಗೊತ್ತಾಗೋದಿಲ್ಲ.

ಕಿವಿಯಿಂದ ಬಿಗಿ ನೋಡೋದು

ಈಗ ನನಗೆ ಬಹಳ ಇಷ್ಟವಾದ ಕೆಲಸ. ಟೈರ್ ವಾಲ್ವ್ ಇರುವ ಜಾಗದಿಂದ ಶುರು ಮಾಡಿ, ಒಂದು ಕಡೆಯ ಕಡ್ಡಿಗಳನ್ನಷ್ಟೇ ಒಂದೊಂದಾಗಿ ಬೆರಳಿನ ಉಗುರಿನಿಂದ ಮೀಟುತ್ತಾ ಹೋಗಿ. ರಿಮ್ಮಿನಿಂದ ಒಂದು ಗೇಣು ಕೆಳಗೆ ಮೀಟಿದರೆ ಸದ್ದು ಚೆನ್ನಾಗಿ ಬರುತ್ತದೆ. ಬಿಗಿ ಇರುವ ಕಡ್ಡಿ ‘ಟಿಣ್’ ಅನ್ನುತ್ತದೆ. ಸಡಿಲವಾದದ್ದು ‘ಡಬ್’ ಅಂತ ಸತ್ತ ಸದ್ದು ಮಾಡುತ್ತದೆ. ಒಂದು ಸುತ್ತು ಮುಗಿಸುವಷ್ಟರಲ್ಲಿ ಚಕ್ರದ ಆರೋಗ್ಯ ನಿಮಗೆ ಗೊತ್ತಾಗಿರುತ್ತದೆ.

ತಂತಿ ವಾದ್ಯ ಶ್ರುತಿ ಮಾಡಿದವರಿಗೆ ಇದು ಸುಲಭ, ಆದರೆ ಸಂಗೀತ ಬರಲೇಬೇಕು ಅಂತೇನಿಲ್ಲ. ಪಕ್ಕಪಕ್ಕದ ಎರಡು ಸದ್ದಿನಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಅಂತ ಗೊತ್ತಾದರೆ ಸಾಕು. ಲೆಕ್ಕ ಬೇಕೆನ್ನುವವರಿಗೆ ಹೇಳುವುದಾದರೆ, ಸ್ವರ ಬಿಗಿಯ ವರ್ಗಮೂಲದ ಪ್ರಕಾರ ಏರುತ್ತದೆ. ಬಿಗಿ 4 ಪಟ್ಟು ಆದರೆ ಸ್ವರ ಒಂದು ಸ್ಥಾಯಿ ಮೇಲೆ ಹೋಗುತ್ತದೆ. ಒಂದು ಸ್ವರಸ್ಥಾನದ ವ್ಯತ್ಯಾಸ ಕೇಳಿದರೆ ಬಿಗಿಯಲ್ಲಿ ಸುಮಾರು 12% ವ್ಯತ್ಯಾಸ ಇದೆ ಅಂತ ಲೆಕ್ಕ. ಒಂದೇ ಕಡೆಯ ಕಡ್ಡಿಗಳು ಆ ಕಡೆಯ ಸರಾಸರಿಗಿಂತ 20% ಮೇಲೆ ಕೆಳಗೆ ಇರುವವರೆಗೂ ಚಕ್ರಕ್ಕೆ ತೊಂದರೆಯಿಲ್ಲ. ಅಂದರೆ ಸರಾಸರಿ ಸ್ವರದಿಂದ ಒಂದೂವರೆ ಸ್ವರಸ್ಥಾನದ ಆಸುಪಾಸು.

ಎಡಗಡೆಯನ್ನು ಎಡಗಡೆಗೇ, ಬಲಗಡೆಯನ್ನು ಬಲಗಡೆಗೇ ಹೋಲಿಸಬೇಕು ಅನ್ನೋದನ್ನು ಮಾತ್ರ ಮರೆಯಬೇಡಿ. ಹಿಂದಿನ ಚಕ್ರದಲ್ಲಿ ಚೈನ್ ಕೂರುವ ಹಲ್ಲಿನ ಫ್ರೀವೀಲ್‌ಗೆ ಜಾಗ ಬಿಡಬೇಕಲ್ಲ, ಹಾಗಾಗಿ ಬಲಗಡೆಯ ಕಡ್ಡಿಗಳು ಹೆಚ್ಚು ನೆಟ್ಟಗೆ, ಎಡಗಡೆಯವು ಹೆಚ್ಚು ಓರೆಯಾಗಿ ರಿಮ್ಮಿಗೆ ಹೋಗುತ್ತವೆ. ರಿಮ್ ನಡುವಿನಲ್ಲಿ ನಿಲ್ಲಬೇಕಾದರೆ ನೆಟ್ಟಗಿರುವವು ಜಾಸ್ತಿ ಎಳೆಯಲೇಬೇಕು. ಗೇರ್ ಸೈಕಲ್ಲುಗಳಲ್ಲಿ ಎಡಗಡೆಯ ಬಿಗಿ ಬಲಗಡೆಯ ಅರ್ಧದಷ್ಟೋ, ಅದಕ್ಕಿಂತ ಸ್ವಲ್ಪ ಜಾಸ್ತಿಯೋ ಇರೋದು ಸಹಜ. ಎಡಗಡೆಯ ಸದ್ದು ಮಂದ್ರವಾಗಿದೆ ಅಂತ ಗಾಬರಿಯಾಗಿ ಎಲ್ಲವನ್ನೂ ಬಿಗಿದುಬಿಟ್ಟರೆ ರಿಮ್ ಪೂರ್ತಿ ಎಡಕ್ಕೆ ಬಂದುಬಿಡುತ್ತದೆ. ಡಿಸ್ಕ್ ಬ್ರೇಕಿನ ಮುಂದಿನ ಚಕ್ರದಲ್ಲಿ ಇದು ಉಲ್ಟಾ. ಡಿಸ್ಕ್ ಇರುವ ಎಡಗಡೆಯೇ ಜಾಸ್ತಿ ಬಿಗಿ ಇರುತ್ತದೆ.

ಮೀಟುವಾಗಲೇ ಸೀಮೆಸುಣ್ಣ ಹಿಡಿದು, ತೀರಾ ಸಡಿಲ ಇರುವ ಕಡ್ಡಿಯ ಹತ್ತಿರ ರಿಮ್ಮಿನ ಮೇಲೆ ಒಂದು ಗೆರೆ, ತೀರಾ ಬಿಗಿ ಇರುವುದರ ಹತ್ತಿರ ಒಂದು ಸೊನ್ನೆ ಹಾಕಿ. ಆಮೇಲೆ ಚಕ್ರ ತಿರುಗಿಸಿ, ಬೆಂಡ್ ಎಲ್ಲಿದೆ ಅಂತ ಬೇರೆ ಬಣ್ಣದಲ್ಲಿ ಗುರುತು ಮಾಡಿ. ಎರಡೂ ಗುರುತುಗಳನ್ನು ಒಟ್ಟಿಗೆ ನೋಡಿದರೆ ಏನು ಮಾಡಬೇಕು ಅಂತ ಚಕ್ರವೇ ಹೇಳುತ್ತದೆ.

ಹೋದ ತಿಂಗಳು ನನ್ನ ಮುಂದೆ ಇದ್ದ ಒಂದು ಚಕ್ರದ ಉದಾಹರಣೆ ಕೊಡುತ್ತೇನೆ. 36 ಕಡ್ಡಿಯ ಮುಂದಿನ ಚಕ್ರ. ವಾಲ್ವ್‌ನ ಎದುರು ಕಡೆ ರಿಮ್ 3 ಮಿ.ಮೀ. ಎಡಕ್ಕೆ ಬರುತ್ತಿತ್ತು. ಹಳೆಯ ಅಭ್ಯಾಸದ ಪ್ರಕಾರ ಆ ಜಾಗದ ಬಲಗಡೆಯ ಮೂರ್ನಾಲ್ಕು ಕಡ್ಡಿಗಳನ್ನೆಲ್ಲ ಬಿಗಿ ಮಾಡುತ್ತಿದ್ದೆ. ಮೀಟಿ ನೋಡಿದರೆ ಬಲಗಡೆಯ 18 ಕಡ್ಡಿಗಳಲ್ಲಿ 17 ಒಂದೇ ಥರ ‘ಟಿಣ್’ ಅನ್ನುತ್ತಿದ್ದವು. ಒಂದೇ ಒಂದು, ಬೆಂಡಿನ ನಟ್ಟ ನಡುವೆ, ‘ಡಬ್’ ಅಂದಿತು. ಅದೊಂದನ್ನೇ ಕಾಲು ಸುತ್ತಿನ ಹಾಗೆ ಐದು ಸಲ ಬಿಗಿ ಮಾಡಿದೆ. ಪ್ರತಿ ಸಲವೂ ಚಕ್ರ ತಿರುಗಿಸಿ ನೋಡಿದೆ. ಐದನೇ ಸಲಕ್ಕೆ ಅದರ ಸದ್ದು ಪಕ್ಕದವುಗಳ ಜೊತೆ ಸೇರಿತು, ಬೆಂಡ್ ಅರ್ಧ ಮಿ.ಮೀ.ಗೆ ಇಳಿಯಿತು. ಉಳಿದ 35 ಕಡ್ಡಿಗಳಿಗೆ ಕೀ ತಾಗಿಸಲೇ ಇಲ್ಲ. ಅವತ್ತು ಮೂರ್ನಾಲ್ಕು ಕಡ್ಡಿ ಬಿಗಿ ಮಾಡಿದ್ದರೂ ರಿಮ್ ನೇರ ಕಾಣುತ್ತಿತ್ತು, ಆದರೆ ಸಡಿಲ ಕಡ್ಡಿ ಸಡಿಲವಾಗಿಯೇ ಉಳಿಯುತ್ತಿತ್ತು.

ಹಾಗಾಗಿ ರಿಮ್ ಎಡಕ್ಕೆ ಬಂದಿದ್ದರೆ ಹೀಗೆ ಯೋಚಿಸಿ. ಅಲ್ಲಿನ ಬಲಗಡೆಯ ಕಡ್ಡಿ ಸಡಿಲ ಇದ್ದರೆ ಅದನ್ನು ಬಿಗಿ ಮಾಡಿ. ಬಲಗಡೆಯದು ಸರಿಯಿದ್ದು ಎಡಗಡೆಯದು ಅತಿಯಾಗಿ ಬಿಗಿ ಇದ್ದರೆ, ಎಡಗಡೆಯದನ್ನು ಸಡಿಲ ಮಾಡಿ. ಎರಡೂ ಸರಾಸರಿ ಇದ್ದರೆ ಬಲಗಡೆ ಸ್ವಲ್ಪ ಬಿಗಿ, ಎಡಗಡೆ ಅಷ್ಟೇ ಸಡಿಲ. ಸಡಿಲ ಮಾಡೋದು ಯಾಕೆ ಅಂದರೆ, ಬಿಗಿ ಮಾತ್ರ ಮಾಡುತ್ತಾ ಹೋದರೆ ರಿಮ್ ಆ ಜಾಗದಲ್ಲಿ ಹಬ್ಬಿನ ಕಡೆಗೂ ಜಗ್ಗಿ ತಗ್ಗು ಬೀಳುತ್ತದೆ. ನನ್ನ ಮೊದಲ ಚಕ್ರಕ್ಕೆ ಆದದ್ದು ಇದೇ.

ಇನ್ನೊಂದು ಸಂದರ್ಭ ಇದೆ. ರಿಮ್ ಎಡಕ್ಕೆ ಬಂದಿದೆ, ಆದರೆ ಬಲಗಡೆಯ ಕಡ್ಡಿಗಳು ಈಗಾಗಲೇ ಕಲ್ಲಿನ ಹಾಗೆ ಬಿಗಿ, ಎಡಗಡೆಯವು ಸಡಿಲ. ಕಡ್ಡಿಗಳು ಬಲಕ್ಕೆ ಎಳೆಯುತ್ತಿದ್ದರೂ ರಿಮ್ ಎಡಕ್ಕೇ ನಿಂತಿದೆ. ಅಂದರೆ ಅಲ್ಯೂಮಿನಿಯಮ್ ರಿಮ್ಮೇ ಗುಂಡಿಗೆ ಬಿದ್ದೋ, ಎಲ್ಲೋ ಗುದ್ದಿಯೋ ಬಗ್ಗಿದೆ. ಕಡ್ಡಿಗಳಿಂದ ಅದನ್ನು ನೇರ ಮಾಡಬಹುದು, ಆದರೆ ಬಿಗಿ ಸಮ ಆಗೋದಿಲ್ಲ, ಹೆಚ್ಚು ದಿನ ನಿಲ್ಲೋದೂ ಇಲ್ಲ. ಸಣ್ಣ ಬಾಗಾದರೆ ಸ್ವಲ್ಪ ಓಲಾಟ ಇರಲಿ ಅಂತ ಬಿಟ್ಟು, ಬಿಗಿಯನ್ನು ಆದಷ್ಟು ಸಮ ಮಾಡಿಟ್ಟುಕೊಳ್ಳಿ. ದೊಡ್ಡದಾದರೆ ರಿಮ್ ಬದಲಿಸುವುದೇ ದಾರಿ. ಕೀ ಎತ್ತಿಕೊಳ್ಳದೆಯೇ ಮೀಟಿ ನೋಡಿದರೆ ಇದು ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಇಡೀ ದಿನ ಸುಮ್ನೆ ಹೋಗುತ್ತದೆ.

ಯಾವ ಕಡೆ ತಿರುಗಿಸಬೇಕು, ಎಷ್ಟು

ನಿಪ್ಪಲ್ ಅಂದರೆ ಉದ್ದನೆಯ ಒಂದು ಸಣ್ಣ ನಟ್. ಅದರೊಳಗೆ ಸಾಮಾನ್ಯ ಬಲ ಮರೆಯೇ (ಸ್ಕ್ರೂವಿನಂಥ ಸುತ್ತುಗೆರೆ) ಇದೆ. ಟೈರಿನ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದಾಗ ಬಿಗಿಯಾಗುತ್ತದೆ. ಗೊಂದಲ ಆಗೋದು ನಾವು ಸಾಮಾನ್ಯವಾಗಿ ಹಬ್ಬಿನ ಕಡೆಯಿಂದ ನೋಡುತ್ತಾ ಕೀ ಹಾಕುವುದರಿಂದ. ಆಗ ದಿಕ್ಕು ಉಲ್ಟಾ ಕಾಣುತ್ತದೆ. ನಾನು ಒಂದೇ ಉಪಾಯ ಇಟ್ಟುಕೊಂಡಿದ್ದೇನೆ. ಸೈಕಲ್ ತಲೆಕೆಳಗಾಗಿ ನಿಂತಿರುವಾಗ, ತಿರುಗಿಸಬೇಕಾದ ನಿಪ್ಪಲ್ಲನ್ನು ಚಕ್ರದ ಮೇಲ್ತುದಿಗೆ ತರುತ್ತೇನೆ. ಮೇಲಿನಿಂದ ನೋಡುತ್ತೇನೆ. ಡಬ್ಬದ ಮುಚ್ಚಳ ಮುಚ್ಚುವ ದಿಕ್ಕಿಗೆ ತಿರುಗಿಸಿದರೆ ಬಿಗಿ, ತೆಗೆಯುವ ದಿಕ್ಕಿಗೆ ಸಡಿಲ. ಪ್ರತಿ ಸಲವೂ ಮೇಲ್ತುದಿಯಲ್ಲೇ ಕೆಲಸ ಮಾಡಿದರೆ ತಪ್ಪೋದಿಲ್ಲ.

ಆ ನಿಪ್ಪಲ್ ಯಾವ ಕಡೆಯ ಕಡ್ಡಿಯದು ಅಂತ ಬೆರಳು ಜಾರಿಸುತ್ತಾ ಹಬ್ಬಿನವರೆಗೆ ಹೋಗಿ ಖಚಿತ ಮಾಡಿಕೊಳ್ಳಿ. ಸಾಮಾನ್ಯವಾಗಿ ಒಂದು ಬಿಟ್ಟು ಒಂದು ಎಡ ಬಲ ಇರುತ್ತವೆ.

ನಿಪ್ಪಲ್‌ನ ಮರೆ ಇಂಚಿಗೆ 56 ಸುತ್ತು. ಅಂದರೆ ಪೂರ್ತಿ ಒಂದು ಸುತ್ತು ತಿರುಗಿಸಿದರೆ ಕಡ್ಡಿ ಸುಮಾರು 0.45 ಮಿ.ಮೀ. ಒಳಗೆ ಹೋಗುತ್ತದೆ. ಕಾಲು ಸುತ್ತು ಅಂದರೆ 0.11 ಮಿ.ಮೀ. ಕಮ್ಮಿ ಅನ್ನಿಸಬಹುದು. ಆದರೆ ಮೊದಲೇ 100 ಕೆ.ಜಿ. ಎಳೆದಿರುವ ತಂತಿಗೆ ಇದು ದೊಡ್ಡ ವ್ಯತ್ಯಾಸ. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಜಾಸ್ತಿ ಬೇಡ. ಕೊನೆ ಕೊನೆಗೆ ಅದರಲ್ಲೂ ಅರ್ಧ. ತಿರುಗಿಸಿ, ಚಕ್ರ ಒಮ್ಮೆ ಸುತ್ತಿಸಿ, ನೋಡಿ, ಆಮೇಲೆ ಇನ್ನೊಮ್ಮೆ. ಬೆಂಡ್ ನಾಲ್ಕೈದು ಕಡ್ಡಿಯಷ್ಟು ಅಗಲ ಇದ್ದರೆ ನಡುವಿನದಕ್ಕೆ ಕಾಲು ಸುತ್ತು, ಅಂಚಿನವಕ್ಕೆ ಅದರ ಅರ್ಧ ಕೊಡಿ. ಎಲ್ಲಕ್ಕಿಂತ ದೊಡ್ಡ ಬೆಂಡನ್ನು ಮೊದಲು ಹಿಡಿಯಿರಿ. ಅದನ್ನು ಪೂರ್ತಿ ಮುಗಿಸಬೇಡಿ. ಅರ್ಧ ಇಳಿಸಿ ಮುಂದಿನದಕ್ಕೆ ಹೋಗಿ. ಹೀಗೆ ಸುತ್ತಿ ಸುತ್ತಿ ಬಂದರೆ ಇಡೀ ಚಕ್ರ ಒಟ್ಟಿಗೆ ಸರಿಹೋಗುತ್ತದೆ.

ಕಡ್ಡಿ ತಿರುಚಿಕೊಳ್ಳುವ ವಿಷಯ ಇಲ್ಲೇ ಹೇಳಬೇಕು. ಬಿಗಿ ಇರುವ ಕಡ್ಡಿಯ ನಿಪ್ಪಲ್ ತಿರುಗಿಸಿದಾಗ, ನಿಪ್ಪಲ್ ಜೊತೆ ಕಡ್ಡಿಯೂ ಸ್ವಲ್ಪ ತಿರುಚುತ್ತದೆ. ನೀವು ಕಾಲು ಸುತ್ತು ತಿರುಗಿಸಿದಿರಿ ಅಂದುಕೊಂಡಿರುತ್ತೀರಿ, ಆದರೆ ಅದರಲ್ಲಿ ಒಂದಿಷ್ಟು ಬರೀ ತಿರುಚು. ಸೈಕಲ್ ಹತ್ತಿ ಹತ್ತು ಮಾರು ಹೋಗುವಷ್ಟರಲ್ಲಿ ಆ ತಿರುಚು ಬಿಟ್ಟುಕೊಂಡು ‘ಟಿಕ್ ಟಿಕ್’ ಅನ್ನುತ್ತದೆ, ಬೆಂಡ್ ಮತ್ತೆ ಇಣುಕುತ್ತದೆ. ಇದನ್ನು ಕಣ್ಣಾರೆ ನೋಡಬೇಕಾದರೆ ಕಡ್ಡಿಯ ನಡುವೆ ಒಂದು ತುಂಡು ಟೇಪನ್ನು ಬಾವುಟದ ಹಾಗೆ ಅಂಟಿಸಿ. ಕೀ ತಿರುಗಿಸಿದಾಗ ಬಾವುಟ ಓರೆಯಾಗುತ್ತದೆ. ಬೇಕಾದ್ದಕ್ಕಿಂತ ಚೂರು ಜಾಸ್ತಿ ತಿರುಗಿಸಿ, ಬಾವುಟ ಮತ್ತೆ ನೆಟ್ಟಗಾಗುವವರೆಗೆ ಅಷ್ಟೇ ವಾಪಸ್ ತನ್ನಿ. ನಾಲ್ಕು ಕಡ್ಡಿಗೆ ಮಾಡಿದರೆ ಕೈಗೆ ಅಂದಾಜು ಸಿಕ್ಕಿಬಿಡುತ್ತದೆ. ಚಪ್ಪಟೆ ಕಡ್ಡಿಯಾದರೆ ಬಾವುಟ ಬೇಡ, ಕಡ್ಡಿಯೇ ತೋರಿಸುತ್ತದೆ. ಅದನ್ನು ತಿರುಗದ ಹಾಗೆ ಹಿಡಿದುಕೊಂಡು ನಿಪ್ಪಲ್ ತಿರುಗಿಸಬೇಕು.

ಎಣ್ಣೆ ಹಾಕಿದರೂ ನಿಪ್ಪಲ್ ಜಗ್ಗದೆ ಕಡ್ಡಿ ಮಾತ್ರ ತಿರುಚುತ್ತಾ ಹೋದರೆ ಅಲ್ಲಿಗೆ ನಿಲ್ಲಿಸಿ. ಇನ್ನೊಂದು ಚೂರು ಬಲ ಹಾಕಿದರೆ ಕಡ್ಡಿ ತುಂಡಾಗುತ್ತದೆ.

ಮೇಲೆ ಕೆಳಗೆ ಕುಣಿತ, ಮತ್ತು ನಡು

ರಿಮ್ ಪಕ್ಕಕ್ಕೆ ಮಾತ್ರ ಓಲಾಡೋದಿಲ್ಲ, ಮೇಲಕ್ಕೂ ಕೆಳಕ್ಕೂ ಕುಣಿಯಬಹುದು. ಜಿಪ್ ಟೈಯನ್ನು ರಿಮ್ಮಿನ ಹೊರ ಅಂಚಿಗೆ ತಾಗುವ ಹಾಗೆ ಬಗ್ಗಿಸಿ ನೋಡಿ. ಒಂದು ಕಡೆ ಉಬ್ಬಿದ್ದರೆ ಅಲ್ಲಿನ ಎಡದ ಒಂದು, ಬಲದ ಒಂದು, ಜೋಡಿ ಕಡ್ಡಿಯನ್ನು ಸಮವಾಗಿ ಬಿಗಿ ಮಾಡಿ. ತಗ್ಗಿದ್ದರೆ ಜೋಡಿಯನ್ನು ಸಡಿಲ ಮಾಡಿ. ಜೋಡಿಯಲ್ಲಿ ಮಾಡಿದರೆ ಪಕ್ಕದ ಓಲಾಟ ಕೆಡೋದಿಲ್ಲ. ಹಿಂದಿನ ಚಕ್ರದಲ್ಲಿ ಬಲಗಡೆಯ ನೆಟ್ಟನೆ ಕಡ್ಡಿಗಳು ಕುಣಿತದ ಮೇಲೆ ಜಾಸ್ತಿ, ಎಡಗಡೆಯ ಓರೆ ಕಡ್ಡಿಗಳು ಪಕ್ಕದ ಓಲಾಟದ ಮೇಲೆ ಜಾಸ್ತಿ ಕೆಲಸ ಮಾಡುತ್ತವೆ. ಗುಂಡಿಗೆ ಬಿದ್ದು ತಗ್ಗಾದ ಜಾಗ ಪೂರ್ತಿ ಸರಿಹೋಗೋದಿಲ್ಲ. ಅಲ್ಲಿ ಕಡ್ಡಿಗಳು ಸಡಿಲವಾಗಿರುತ್ತವೆ, ಬಿಗಿ ಮಾಡಿದರೆ ತಗ್ಗು ಇನ್ನೂ ಜಾಸ್ತಿಯಾಗುತ್ತದೆ.

ಮೂರನೆಯದು ರಿಮ್ ನಡುವಿನಲ್ಲಿ ಇದೆಯಾ ಅನ್ನೋದು. ಮುಂದಿನ ಚಕ್ರಕ್ಕೆ ಸುಲಭದ ಪರೀಕ್ಷೆ ಇದೆ. ಫೋರ್ಕಿನ ಎರಡೂ ಕಡೆಯ ಸಂದಿ ಅಳೆಯಿರಿ. ಚಕ್ರ ಬಿಚ್ಚಿ, ಎಡ ಬಲ ಅದಲು ಬದಲು ಮಾಡಿ ಹಾಕಿ, ಮತ್ತೆ ಅಳೆಯಿರಿ. ಎರಡೂ ಸಲ ರಿಮ್ ಫೋರ್ಕಿನ ಒಂದೇ ಕಾಲಿಗೆ ಅಷ್ಟೇ ಹತ್ತಿರ ಇದ್ದರೆ ಚಕ್ರದ ತಪ್ಪಿಲ್ಲ, ಫೋರ್ಕ್ ಆಚೀಚೆ ಆಗಿದೆ. ರಿಮ್ ಈ ಕಾಲಿನಿಂದ ಆ ಕಾಲಿನ ಕಡೆಗೆ ಹೋದರೆ ಚಕ್ರ ನಡುವಿನಲ್ಲಿಲ್ಲ. ಅದು ಎಷ್ಟು ಸರಿಯಿತೋ ಅದರ ಅರ್ಧ ಸರಿಸಬೇಕು. ಒಂದು ಕಡೆಯ ಎಲ್ಲ ಕಡ್ಡಿಗಳನ್ನೂ ಕಾಲು ಸುತ್ತು ಬಿಗಿ ಮಾಡಿ, ಇಲ್ಲವೇ ಇನ್ನೊಂದು ಕಡೆಯದನ್ನು ಅಷ್ಟೇ ಸಡಿಲ ಮಾಡಿ. ಯಾವುದು ಅಂತ ಮತ್ತೆ ಸದ್ದೇ ಹೇಳುತ್ತದೆ. ಒಟ್ಟಾರೆ ಬಿಗಿ ಕಮ್ಮಿ ಇದ್ದರೆ ಬಿಗಿ ಮಾಡಿ, ಜಾಸ್ತಿ ಇದ್ದರೆ ಸಡಿಲ ಮಾಡಿ.

ಒಟ್ಟಾರೆ ಬಿಗಿ ಸಾಕಾ ಸಾಲದಾ ಅಂತ ಕರಾರುವಾಕ್ಕಾಗಿ ತಿಳಿಯೋಕೆ ಬಿಗಿ ಅಳೆಯುವ ಮೀಟರ್ ಇದೆ. ಅದಿಲ್ಲದಿದ್ದರೆ ಅಷ್ಟೇ ಗಾತ್ರದ, ಅದೇ ದಪ್ಪದ ಕಡ್ಡಿಯ, ಚೆನ್ನಾಗಿ ಓಡುತ್ತಿರುವ ಇನ್ನೊಂದು ಚಕ್ರದ ಸದ್ದಿನ ಜೊತೆ ಹೋಲಿಸಿ. ಬಿಗಿ ಅತಿಯಾದರೂ ಕೆಟ್ಟದ್ದೇ. ತೂತಿನ ಬುಡದಲ್ಲಿ ರಿಮ್ ಬಿರುಕು ಬಿಡುತ್ತದೆ. ಇನ್ನೂ ಮುಂದೆ ಹೋದರೆ ಆ ನೂರಾರು ಕೆ.ಜಿ. ಒತ್ತಡ ತಾಳಲಾರದೆ ರಿಮ್ ಒಮ್ಮೆಲೇ ಮಡಚಿ ಕುದುರೆ ಜೀನಿನ ಆಕಾರಕ್ಕೆ ಬರುತ್ತದೆ.

ಎಷ್ಟು ನೇರವಾದರೆ ಸಾಕು? ರಿಮ್ ಬ್ರೇಕ್ ಸೈಕಲ್ಲಿಗೆ ಪಕ್ಕದ ಓಲಾಟ ಅರ್ಧ ಮಿ.ಮೀ. ಇದ್ದರೆ ಬಹಳ ಒಳ್ಳೆಯದು, 1 ಮಿ.ಮೀ. ಇದ್ದರೂ ನಡೆಯುತ್ತದೆ. ಕುಣಿತವೂ 1 ಮಿ.ಮೀ. ಒಳಗಿದ್ದರೆ ಸಾಕು. ಹಳೆಯ ರಿಮ್ಮಿನಲ್ಲಿ ಕೊನೆಯ ಕಾಲು ಮಿ.ಮೀ.ಗಾಗಿ ಬಿಗಿಯ ಸಮ ಕೆಡಿಸಬೇಡಿ ಅಂತ ನಾನು ಖಂಡಿತವಾಗಿ ಹೇಳುತ್ತೇನೆ.

ಕೆಲಸ ಮುಗಿಯಿತು ಅನ್ನಿಸಿದಾಗ ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು, ಒಂದೇ ಕಡೆಯ ಅಕ್ಕಪಕ್ಕದ ಎರಡೆರಡು ಕಡ್ಡಿಗಳನ್ನು ಸೇರಿಸಿ ಗಟ್ಟಿಯಾಗಿ ಹಿಂಡಿ. ಎರಡೂ ಕೈಗಳಿಂದ ಎರಡೂ ಕಡೆ ಒಟ್ಟಿಗೆ ಹಿಂಡುತ್ತಾ ಸುತ್ತು ಬನ್ನಿ. ಉಳಿದ ತಿರುಚು ಬಿಚ್ಚಿಕೊಳ್ಳುತ್ತದೆ, ಕೊಕ್ಕೆಗಳು ತೂತಿನಲ್ಲಿ ಸರಿಯಾಗಿ ಕೂರುತ್ತವೆ. ಈಗ ಬೆಂಡ್ ಚೂರು ಮತ್ತೆ ಕಾಣಿಸಬಹುದು. ಬೇಸರ ಬೇಡ. ಇನ್ನೊಂದು ಸಣ್ಣ ಸುತ್ತು ತಿದ್ದಿ, ಮತ್ತೆ ಹಿಂಡಿ. ಹಿಂಡಿದ ಮೇಲೂ ರಿಮ್ ಅಲುಗದಿದ್ದರೆ ಟೈರ್ ಹಾಕಬಹುದು.

ದಾರಿಯಲ್ಲಿ ಕಡ್ಡಿ ಮುರಿದರೆ ಮನೆ ಸೇರಲು ಒಂದು ಉಪಾಯ: ಮುರಿದ ಕಡ್ಡಿಯ ಆಚೀಚೆ ಇರುವ ಎರಡು ಕಡ್ಡಿಗಳು ಎದುರು ಕಡೆಯವು. ಅವು ರಿಮ್ಮನ್ನು ತಮ್ಮ ಕಡೆಗೆ ಎಳೆದುಕೊಂಡಿರುತ್ತವೆ. ಅವೆರಡನ್ನೂ ಅರ್ಧರ್ಧ ಸುತ್ತು ಸಡಿಲ ಮಾಡುತ್ತಾ ಹೋದರೆ ರಿಮ್ ಬ್ರೇಕಿಗೆ ಉಜ್ಜದಷ್ಟು ವಾಪಸ್ ಬರುತ್ತದೆ. ಮುರಿದ ತುಂಡನ್ನು ಪಕ್ಕದ ಕಡ್ಡಿಗೆ ಸುತ್ತಿಡಿ. ಎಷ್ಟು ಸುತ್ತು ಸಡಿಲ ಮಾಡಿದಿರಿ ಅಂತ ನೆನಪಿಟ್ಟುಕೊಂಡರೆ ಹೊಸ ಕಡ್ಡಿ ಹಾಕಿದ ಮೇಲೆ ಅಷ್ಟೇ ವಾಪಸ್ ಬಿಗಿಯಬಹುದು.

ಸರಿ ಮಾಡಿದ ಚಕ್ರದಲ್ಲಿ ಮೊದಲ ಸಲ ಹೋಗುವಾಗ ಒಂದೆರಡು ಟಿಕ್ ಸದ್ದು ಬಂದರೆ ಹೆದರಬೇಡಿ. ಎರಡು ಮೂರು ದಿನ ಓಡಿಸಿ ಮತ್ತೊಮ್ಮೆ ಸೈಕಲ್ ತಲೆಕೆಳಗು ಮಾಡಿ. ವಾಲ್ವ್‌ನಿಂದ ಶುರು ಮಾಡಿ ಬಲಗಡೆ ಒಂದು ಸುತ್ತು, ಎಡಗಡೆ ಒಂದು ಸುತ್ತು ಮೀಟಿ. ಎಲ್ಲೂ ‘ಡಬ್’ ಕೇಳಿಸದಿದ್ದರೆ ಕೀಯನ್ನು ಡಬ್ಬದಲ್ಲೇ ಬಿಡಿ.